ದೇವಾಪುರದ ಭಾಗಣ್ಣನ ಮುಖ

ಸುರಪುರ, ಜನವರಿ ೯, ೧೯೪೯

ತಾರೀಖನ್ನು ಹೀಗೆ ಬರೆಯುವುದು ಇನ್ನೂ ರೂಢಿಯಾಗಿಲ್ಲ. ಇಷ್ಟು ವರ್ಷ ಬಹಮನ್, ಇಸ್ಫಂದಾರ್ ಎಂದು ನಿಜಾಮರ ತಿಂಗಳು ಬರೆದ ಕೈ ಇದು. ಸೆಪ್ಟೆಂಬರಿನಲ್ಲಿ ದಿಲ್ಲಿಯ ಫೌಜು ಬಂದು ಹೋದ ಮೇಲೆ ಅಂಗಡಿಯವರೆಲ್ಲ ಬೋರ್ಡು ಬದಲಿಸುತ್ತಿದ್ದಾರೆ. ಉರ್ದು ಅಳಿಸು, ಕನ್ನಡ ಬರೆ. ಆ ಉರ್ದುವನ್ನು ಬರೆದವನೂ ನಾನೇ, ಈಗ ಅಳಿಸುವವನೂ ನಾನೇ. ಅಪ್ಪ ಚಿನ್ನದ ರೇಕು ಹಚ್ಚಿ ವೇಣುಗೋಪಾಲಸ್ವಾಮಿಯನ್ನು ಬರೆದ ಕುಂಚದಲ್ಲಿ ಮಗ ಬಸವಂತ್ರಾಯ ‘ಇಲ್ಲಿ ಗಾಣದ ಎಣ್ಣೆ ಸಿಗುತ್ತದೆ’ ಎಂದು ಬರೆಯುತ್ತಾನೆ. ಬೇಸರ ಮಾಡಿಕೊಳ್ಳಲಿಕ್ಕೂ ಮೈಯಲ್ಲಿ ಕಸುವು ಬೇಕು. ಒಂದು ಬೋರ್ಡು ಮುಗಿಸಿ ಮಧ್ಯಾಹ್ನವೇ ಮಲಗಿದೆ.

ಮನೆಯವಳು ತೀರಿಹೋಗಿ ವರ್ಷವಾಯಿತು. ಅಂದಿನಿಂದ ತಂಗಿ ಲಾಲಮ್ಮ ಬಂದು ನನ್ನ ಅಡಿಗೆ ನೋಡಿಕೊಳ್ಳುತ್ತಾಳೆ. ಬೈಯುವುದನ್ನೂ ಅವಳೇ ನೋಡಿಕೊಳ್ಳುತ್ತಾಳೆ.

“ಹಗಲೊತ್ತಿನ್ಯಾಗ ಮಲಗಬ್ಯಾಡೋ ಅಣ್ಣಾ, ದರಿದ್ರ ಹಿಡೀತದ.”

“ಹಿಡೀಲಿ ಬಿಡು. ಅದಕ್ಕೂ ಯಾರರ ಬೇಕಲ್ಲ” ಎಂದು ಮಗ್ಗುಲು ಬದಲಿಸಿದೆ.

ಜನವರಿ ೧೬

ದೇವಾಪುರದಿಂದ ಮೂವರು ಬಂದಿದ್ದರು. ಮಲ್ಲಿಕಮ್ಮ ಎಂಬ ಮುದುಕಿ, ಅವಳ ಮೈದುನ ಮಾನಪ್ಪ, ಸೊಸೆ ರೇಣಮ್ಮ. ಮಲ್ಲಿಕಮ್ಮನ ಒಬ್ಬನೇ ಮಗ ಭಾಗಣ್ಣ ಹೋದ ಮಳೆಗಾಲದಲ್ಲಿ, ರಜಾಕಾರರ ಹಾವಳಿ ಜೋರಾಗಿದ್ದಾಗ, ಕೆಂಭಾವಿ ದಾಟಿ ಗಡಿಯಾಚೆಯ ಹೋರಾಟಗಾರರ ಶಿಬಿರ ಸೇರಲು ಹೊರಟವನು. ಹಳ್ಳ ದಾಟುವಾಗ ಗುಂಡು ಹಾರಿತು, ಭಾಗಣ್ಣ ನೀರಿಗೆ ಬಿದ್ದ ಎಂದು ಜೊತೆಗಿದ್ದವನೊಬ್ಬ ಬಂದು ಹೇಳಿದನಂತೆ. ಹೆಣ ಸಿಗಲಿಲ್ಲ. ಶಿಬಿರಗಳು ಮುಚ್ಚಿದವು, ಹೋದವರೆಲ್ಲ ಬಂದರು, ಅವನೊಬ್ಬ ಬರಲಿಲ್ಲ.

ಅವರ ಮನೆತನದ ಪದ್ಧತಿ ಹೀಗಿದೆ. ಯಾರಾದರೂ ಸತ್ತರೆ ಪತ್ತಾರನು ಬೆಳ್ಳಿ ತಗಡಿನಲ್ಲಿ ಒಂದು ಮುಖ ತಟ್ಟಿಕೊಡುತ್ತಾನೆ. ಅಮಾವಾಸ್ಯೆಯ ದಿನ ಅದನ್ನು ದೇವರ ಜಗಲಿಯ ಮೇಲೆ ಕೂಡಿಸಿ ಎಡೆ ಇಟ್ಟರೆ ಸತ್ತವನು ಹಿರಿಯರ ಸಾಲಿಗೆ ಸೇರಿದ ಹಾಗೆ. ಹೆಣ ಸಿಕ್ಕರೆ ಹೆಂಡತಿಯ ಬಳೆಯನ್ನು ಮಣ್ಣು ಮಾಡಿದ ದಿನವೇ ತೆಗೆಯುತ್ತಾರೆ. ಸಿಗದಿದ್ದರೆ ಮುಖ ಕೂಡಿಸಿದ ದಿನ ತೆಗೆಯುತ್ತಾರೆ.

ಮಲ್ಲಿಕಮ್ಮನಿಗೆ ಬೆಳ್ಳಿಯ ಮುಖ ಬೇಡ. “ಪತ್ತಾರ ಬಡಿಯೋ ಮಾರಿ ಎಲ್ಲಾರ್ದೂ ಒಂದ ಥರ ಇರತದ್ರಿ. ನಮ್ಮತ್ತಿದೂ ಅದ, ನನ್ನ ಗಂಡಂದೂ ಅದ. ನನಗ ನನ್ನ ಮಗನ ಮಾರಿನ ಬೇಕು. ಹಲಗಿ ಮ್ಯಾಲ ಬರದು ಕೊಡ್ರಿ.”

“ಯುಗಾದಿ ಅಮಾಸಿಗಿ ಕೂಡಸ್ತೀವಿ” ಎಂದ ಮಾನಪ್ಪ. “ಕೂಡಸಲಾರದ ಸತ್ತಾವ ಮನ್ಯಾಗ ತಿರಗತಾನ್ರಿ. ಎತ್ತು ಸುದ್ದಾ ಬೆದರಾಕತ್ತಾವ.”

ನಾನು ದೇವರನ್ನು ಬರೆದವನು, ಬೋರ್ಡು ಬರೆದವನು. ಮನುಷ್ಯರನ್ನು ಬರೆದವನಲ್ಲ. ಅಷ್ಟನ್ನು ಬಿಡಿಸಿ ಹೇಳಲು ದಣಿವಾಗಿ ಆಗಲಿ ಎಂದುಬಿಟ್ಟೆ. ಭಾಗಣ್ಣನ ಫೋಟೋ ಒಂದೂ ಇಲ್ಲ. ಸೊಸೆ ಬಾಗಿಲಲ್ಲೇ ನಿಂತಿದ್ದಳು. ಅವಳ ಹಸಿರು ಬಳೆ ನೆನಪಿದೆ, ಮುಖ ನೋಡಿದ ನೆನಪಿಲ್ಲ.

ಜನವರಿ ೨೪

ಮುದುಕಿ ಹೇಳಿದ್ದನ್ನು ಕೇಳಿ ಬರೆದಿಟ್ಟಿದ್ದೆ. ಕೈಗೆ ಬಂದದ್ದು ಅಪ್ಪ ಕಲಿಸಿದ ಅಳತೆಯೇ. ಮೊಗ ಒಂದು ಮಗ್ಗುಲು, ಕಣ್ಣು ಕಿವಿಯ ತನಕ, ಮೂಗು ಗಿಳಿಯದು. ಮಲ್ಲಿಕಮ್ಮ ಬಂದು ನೋಡಿದವಳೇ ಕೈ ಮುಗಿದಳು. ಆಮೇಲೆ ಅನುಮಾನ ಬಂದು, “ಇದು ಕೃಷ್ಣದೇವರಲ್ಲೇನ್ರಿ?” ಎಂದಳು.

“ಕೊಳಲು ಒಂದು ಇಲ್ಲ ನೋಡವ್ವಾ” ಎಂದೆ. ಮುದುಕಿಗೂ ನಗು ಬಂತು.

“ಯಾರದು ನಕ್ಕಿದ್ದು?” ಎಂದು ಲಾಲಮ್ಮ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಆಕೆಗೇನು ಅಷ್ಟು ಅವಸರವೋ.

ಜನವರಿ ೩೧

ರಂಗಂಪೇಟೆಗೆ ಹೋಗಿ ನಸೀರುದ್ದೀನನನ್ನು ಕಂಡು ಬಂದೆ. ಚಿಕ್ಕಂದಿನ ಗೆಳೆಯ. ಹೈದರಾಬಾದಿನ ಕಚೇರಿಯೊಂದರಲ್ಲಿ ಹಳೆಯ ಗುಡಿ, ಗೋರಿಗಳ ನಕಾಶೆ ಬರೆಯುತ್ತಿದ್ದು, ಪಿಂಚಣಿಯಾಗಿ ಊರಿಗೆ ಬಂದವನು. ಸೆಪ್ಟೆಂಬರಿನ ಮೇಲೆ ಹೊರಗೆ ಬರುವುದನ್ನೇ ಬಿಟ್ಟಿದ್ದಾನೆ. ಅವನ ತಮ್ಮ ಸರದಾರಸಾಬನನ್ನು ಫೌಜು ಬಂದ ವಾರ ಯಾರೋ ಮನೆಯಿಂದ ಕರೆದುಕೊಂಡು ಹೋದರು. ಮುಂದೇನಾಯಿತೆಂದು ನಾನು ಕೇಳಿಲ್ಲ, ಅವನು ಹೇಳಿಲ್ಲ.

ಮನುಷ್ಯನ ಮುಖ ಬರೆಯುವುದು ಹೇಗೆ ಎಂದು ಕೇಳಿದ್ದಕ್ಕೆ ಸಂದೂಕದಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆದ. ಈಜಿಪ್ಟ್ ದೇಶದ ಸಮಾಧಿಗಳಲ್ಲಿ ಸಿಕ್ಕ ಮುಖಗಳ ಬಣ್ಣದ ಪಟಗಳು. ರೋಮಿನವರು ಆ ದೇಶವನ್ನು ಆಳುತ್ತಿದ್ದ ಕಾಲದ್ದು, ಸಾವಿರದ ಎಂಟುನೂರು ವರ್ಷದ ಹಿಂದಿನ ಮಾತು. ಹೆಣಕ್ಕೆ ಔಷಧ ಹಚ್ಚಿ ಬಟ್ಟೆ ಸುತ್ತುವಾಗ, ಮುಖದ ಜಾಗದಲ್ಲಿ ತೆಳ್ಳನೆಯ ಹಲಗೆಯ ಮೇಲೆ ಬರೆದ ಅವರದೇ ಮುಖವನ್ನಿಟ್ಟು ಬಿಗಿಯುತ್ತಿದ್ದರಂತೆ. ಜೇನುಮೇಣದಲ್ಲಿ ಬಣ್ಣ ಕಲಸಿ ಬರೆದದ್ದೇ ಹೆಚ್ಚು. ಕೆಲವಕ್ಕೆ ಚಿನ್ನದ ರೇಕೂ ಇದೆ, ನಮ್ಮ ಹಾಗೆ.

“ಆಳೋವ್ರು ಬದಲಾದ್ರು, ಉಡೋ ಅರಬಿ ಬದಲಾದ್ವು, ತಲಿ ಕಟ್ಟೋದು ಸುದ್ದಾ ರೋಮಿನವರ ಥರಾ ಆತು” ಎಂದ ನಸೀರುದ್ದೀನ. “ಸತ್ತವರನ್ನ ಸುತ್ತಿ ಇಡೋದು ಮಾತ್ರ ಹಳೇ ಪದ್ಧತಿನ ಉಳೀತು ನೋಡು.”

ಒಬ್ಬ ಹೆಂಗಸು ಹಸಿರು ಮಣಿ ಹಾಕಿಕೊಂಡಿದ್ದಾಳೆ. ಒಬ್ಬ ಹುಡುಗನಿಗೆ ಮೀಸೆ ಈಗ ಮೂಡುತ್ತಿದೆ. ಯಾರೂ ಮಗ್ಗುಲಾಗಿಲ್ಲ, ಎಲ್ಲರೂ ನಮ್ಮನ್ನೇ ನೋಡುತ್ತಾರೆ. ಸತ್ತವರ ಹಾಗೆ ಕಾಣುವುದಿಲ್ಲ, ಯಾರೋ ಹೆಸರು ಹಿಡಿದು ಕರೆದರೆಂದು ತಿರುಗಿದವರ ಹಾಗಿದ್ದಾರೆ. ಪುಸ್ತಕವನ್ನು ಕೇಳಿ ತಂದಿದ್ದೇನೆ.

ಫೆಬ್ರುವರಿ ೮

ಮುದುಕಿಯ ಕಣ್ಣು ಮಂಜು. ಭಾಗಣ್ಣನನ್ನು ಹತ್ತಿರದಿಂದ ಕಂಡವಳು ಹೆಂಡತಿಯೇ ತಾನೆ ಎಂದು ರೇಣಮ್ಮನನ್ನು ಕೇಳಿದೆ. ಹುಡುಗಿ ತಡವರಿಸದೆ ಹೇಳಿದಳು. ಹಣೆ ಅಗಲ, ಮೂಗು ಮೊಂಡ, ತುಟಿ ತೆಳ್ಳಗೆ, ಹುಬ್ಬು ಕೂಡಿದ್ದು. ಹಾಗೆಯೇ ಬರೆದೆ, ನೇರ ಮುಖ, ಆ ಈಜಿಪ್ಟಿನವರ ಹಾಗೆ.

ಮಲ್ಲಿಕಮ್ಮ ಬಹಳ ಹೊತ್ತು ನೋಡಿದಳು. “ಯಾರ್ರಿ ಇಂವ? ದೇವಾಪುರದಾಗ ಇಂಥಾವ ಒಬ್ಬನೂ ಇಲ್ಲ.”

“ಹಿಂಗ ಇದ್ರು ಅತ್ತಿ” ಎಂದಳು ರೇಣಮ್ಮ. “ಮೂಗು ಇನ್ನಾ ಒಂಚೂರು ಮೊಂಡ ಬೇಕು.”

ತಿದ್ದಬೇಕು. ನನಗೇನು, ಹಲಗೆಯನ್ನು ಉಜ್ಜುವುದು ಹೊಸದಲ್ಲ.

ಫೆಬ್ರುವರಿ ೯

ಎಣ್ಣೆ ಅಂಗಡಿಯವನ ಬೋರ್ಡಿನಲ್ಲಿ ಒಂದು ಅಕ್ಷರ ಬಿಟ್ಟಿದ್ದೆನಂತೆ. ಬೈದ. ಮಲಗಿದೆ.

ಫೆಬ್ರುವರಿ ೨೦

ಮೂರನೆಯದೂ ಆಗಲಿಲ್ಲ. ಇವತ್ತು ಮಲ್ಲಿಕಮ್ಮ ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟಳು.

“ಆಕಿ ಹೇಳೋದ ಖರೇ ಇರಬೇಕ್ರಿ. ಮೂಗು ಮೊಂಡನ ಇತ್ತೇನೋ. ಮೊದಲ ಕಣ್ಣ ಮುಚ್ಚಿದ್ರ ಅವ ಬಂದು ನಿಂದರತಿದ್ದ. ಈಗ ಕಣ್ಣ ಮುಚ್ಚಿದ್ರ ನೀವು ಬರದಾವ ಬರಾಕತ್ತಾನ. ಹೆತ್ತಾಕಿ ಮಗನ ಮಾರಿ ಮರತಾಳ ಅಂದ್ರ ನಾ ಎಂಥಾ ತಾಯಿರಿ?”

ಎದೆ ಬಡಿದುಕೊಂಡು ಅತ್ತಳು. ಲಾಲಮ್ಮ ನೀರು ತಂದು ಕುಡಿಸಿದಳು. ರೇಣಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಒಂದು ಕೈಯಿಂದ ಇನ್ನೊಂದು ಕೈಯ ಬಳೆಗಳನ್ನು ಬಿಗಿಯಾಗಿ ಹಿಡಿದಿದ್ದಳು. ಆಗ ನನಗೆ ಹೊಳೆಯಿತು, ಈ ಹುಡುಗಿ ಬೇಕೆಂದೇ ಸುಳ್ಳು ಹೇಳುತ್ತಿದ್ದಾಳೆ. ಮುದುಕಿ ಒಪ್ಪುವ ತನಕ ಮುಖ ಕೂಡುವುದಿಲ್ಲ, ಮುಖ ಕೂಡುವ ತನಕ ಬಳೆ ಹೋಗುವುದಿಲ್ಲ. ಮೈಯೆಲ್ಲ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಾಗಿಲ್ಲ.

ಫೆಬ್ರುವರಿ ೨೧

ನಿದ್ದೆ ಬರಲಿಲ್ಲ, ಹಗಲಿನಲ್ಲೂ ಬರಲಿಲ್ಲ. ಮನೆಯವಳ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಸೀರೆಯ ಬಣ್ಣ ಬಂತು, ಕೆಮ್ಮು ಬಂತು, ಒಲೆ ಊದುವಾಗ ಬಾಗಿದ ಬೆನ್ನು ಬಂತು. ಮುಖ ಬರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಚಿತ್ರಗಾರ ನಾನು. ಒಮ್ಮೆ ಬರೆಯಬೇಕು ಎಂದು ತೋಚಲೇ ಇಲ್ಲ. ದೇವರನ್ನು ಬರೆಯುವವನು ಮನೆಯ ಹೆಂಗಸನ್ನು ಬರೆಯುವುದುಂಟೇ ಎಂದು ಮೇಲಾಗಿ ಬಿಂಕ ಬೇರೆ. ಮಲ್ಲಿಕಮ್ಮನಿಗೆ ಮರೆಸುವವಳೊಬ್ಬಳು ಇದ್ದಳು. ನಾನು ಯಾರ ಸಹಾಯವೂ ಇಲ್ಲದೆ ಮರೆತೆ.

ಮಾರ್ಚ್ ೧

ನಸೀರುದ್ದೀನ ಹೈದರಾಬಾದಿಗೆ, ಮಗಳ ಮನೆಗೆ ಹೊರಟಿದ್ದಾನೆ. ಹೇಳಿ ಹೋಗಲು ತಾನೇ ನಮ್ಮ ಮನೆಯ ತನಕ ಬಂದ. ಓಣಿಯಲ್ಲಿ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಹಿಂದೆ ಈ ಓಣಿಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕೂಗುತ್ತ ಬರುತ್ತಿದ್ದವನು.

ಪುಸ್ತಕ ವಾಪಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ನಾನು ಕೇಳಬೇಕೆಂದಿದ್ದ ಒಂದು ಮಾತು ಕೇಳಿದೆ. “ಇದರಾಗ ಇರೋವ್ರು ಭಾಳ ಮಂದಿ ಹರೇದವರ ಅದಾರಲ್ಲ, ಯಾಕ?”

“ಆಗ ಮಂದಿ ಹರೇದಾಗ ಸಾಯ್ತಿದ್ರು, ಅದೂ ಒಂದು. ಇನ್ನ ಕೆಲವರು ಏನಂತಾರಂದ್ರ, ಬದಕಿದ್ದಾಗ ಬರಿಸಿ ಮನಿ ಗ್ವಾಡಿಗಿ ಹಾಕತಿದ್ರು, ಸತ್ತ ಮ್ಯಾಗ ತಗದು ಹೆಣಕ್ಕ ಕಟ್ಟತಿದ್ರು ಅಂತ. ಚೌಕಟ್ಟ ಸಮೇತ ಒಂದು ತಸ್ವೀರು ಸಿಕ್ಕದಂತ. ಎಲ್ಲಾರೂ ಒಪ್ಪಂಗಿಲ್ಲ.” ಪುಸ್ತಕವನ್ನು ನನ್ನ ಕಡೆ ಸರಿಸಿ, “ಸರದಾರಂದು ಒಂದು ಫೋಟೋ ಇತ್ತು ಬಸವಂತ್ರಾಯ” ಎಂದ. “ಮನಿ ಝಡತಿ ಮಾಡತಾರಂತ ಅಂಜಿ ನಾನ ಸುಟ್ಟೆ.”

ನನ್ನ ಕೈ ಹಿಡಿದುಕೊಂಡ. ಬಸ್ಸಿನ ತನಕ ಅವನ ಗಂಟು ಹೊತ್ತು ನಡೆದೆ, ಅವನ ಮಗ್ಗುಲಲ್ಲೇ. ನೋಡುವವರು ನೋಡಲಿ.

ಮಾರ್ಚ್ ೮

ಸಂತೆಗೆಂದು ಹೇಳಿ ರೇಣಮ್ಮ ಒಬ್ಬಳೇ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಕಾಲಿಗೆ ಬಿದ್ದಳು.

“ತಪ್ಪಾತ್ರಿ. ನಮ್ಮತ್ತಿ ಅನ್ನ ಬಿಟ್ಟಾಳ. ಇಡೀ ದಿನ ಗ್ವಾಡಿ ನೋಡಕೋತ ಕೂಡತಾಳ. ನಾ ಹೇಳಿದ್ದೆಲ್ಲಾ ಸುಳ್ಳ್ರಿ. ಅವರ ಮೂಗು ಮೊಂಡ ಇಲ್ಲ. ಎಡಗಡೆ ಹುಬ್ಬಿನ ಮ್ಯಾಲ ಎತ್ತು ಹಾದ ಗಾಯ ಅದ. ನಗೋ ಮುಂದ ಒಂದ ಕಡೀಗಿ ತುಟಿ ಏಳತದ. ಖರೇ ಮಾರಿ ಬರೀರಿ. ನನ್ನ ಬಳಿ ಹೋದ್ರ ಹೋಗಲಿ.”

“ಹೋಗಲಿ ಅಂತ ಮನಸಿನಿಂದ ಅಂದ್ಯೇನವ್ವಾ?”

“ಇಲ್ರಿ” ಎಂದಳು. “ಸತ್ತಾನಂತ ನನಗ ಅನಸಂಗಿಲ್ರಿ. ನೋಡಲಾರದ ಹ್ಯಾಂಗ ಅನಸಬೇಕು? ಬಳಿ ತಗದ್ರಂದ್ರ ನಾನೂ ಹೌದು ಅಂದಂಗ ಆತಲ್ರಿ.”

ಲಾಲಮ್ಮ ಅವಳನ್ನು ಎಬ್ಬಿಸಿ ಕೂರಿಸಿ ರೊಟ್ಟಿ ಕೊಟ್ಟಳು. ನಾನು ಕೇಳುತ್ತಾ ಹೋದೆ, ಅವಳು ಹೇಳುತ್ತಾ ಹೋದಳು. ಅವನು ಬಿಸಿ ರೊಟ್ಟಿಗೆ ಊದುವುದು, ಸಿಟ್ಟು ಬಂದರೆ ಕಿವಿ ಕೆಂಪಾಗುವುದು, ಮದುವೆಯ ದಿನ ಇವಳನ್ನು ಕದ್ದು ನೋಡಲು ಹೋಗಿ ಬಾಸಿಂಗ ಕಳಚಿದ್ದು. ಹೇಳುತ್ತ ಹೇಳುತ್ತ ಅವಳ ಮುಖವೇ ಬೇರೆಯಾಯಿತು. ನನಗೆ ಅರಿವಿಲ್ಲದೆಯೇ ಕಾಗದದ ಮೇಲೆ ಅವಳನ್ನೇ ಬರೆಯತೊಡಗಿದ್ದೆ.

“ನನ್ನ್ಯಾಕ ನೋಡಾಕತ್ತೀರಿ?” ಎಂದಳು ನಾಚಿ.

ಹಾಳೆ ತಿರುಗಿಸಿ ತೋರಿಸಿದೆ. ಬೆರಳಿನಿಂದ ತನ್ನ ಮೂಗನ್ನು ಮುಟ್ಟಿಕೊಂಡು ನೋಡಿದಳು, ಕಾಗದದ ಮೂಗನ್ನು ಮುಟ್ಟಲಿಲ್ಲ.

“ಅವನ ಮಗ್ಗಲಿಗಿ ನಿನ್ನೂ ಬರಿಯೋಣ ಅಂತ. ಒಂದ ಹಲಗಿ ಮ್ಯಾಲ” ಎಂದೆ. “ಬದಕಿದ್ದಾಕಿನ್ನ ಜಗಲಿ ಮ್ಯಾಲ ಕೂಡಸಾಕ ಬರಂಗಿಲ್ಲ. ನಿಮ್ಮತ್ತಿಗಿ ಮಗನ ಮಾರಿ ಸಿಗತದ. ನಿನ್ನ ಬಳಿ ನಿನ್ನ ಕೈಯಾಗ ಉಳೀತಾವ.”

“ನಮ್ಮತ್ತಿ ಹಲಗಿ ಒಡದು ಒಲಿಗಿ ಹಾಕಿದ್ರ?”

ನಾನು ಆ ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ಅದನ್ನು ಮತ್ತೊಮ್ಮೆ ನೋಡಿ ಬರೀರಿ ಎಂದಳು.

ಮಾರ್ಚ್ ೧೫

ಇಬ್ಬರಿಗೆ ಸಾಲುವ ತೇಗದ ಹಲಗೆ ಸಿಕ್ಕಿದೆ. ಸುಣ್ಣದ ಲೇಪ ಕೊಟ್ಟು ಬೆಣಚುಕಲ್ಲಿನಲ್ಲಿ ತಿಕ್ಕಿದೆ. ಬೋರ್ಡಿನವರು ಬಂದರೆ ಯುಗಾದಿ ಆದ ಮೇಲೆ ಬನ್ನಿ ಎಂದು ಲಾಲಮ್ಮನೇ ಕಳಿಸುತ್ತಾಳೆ. ಒಂದೇ ಚಿಂತೆ. ಹಲಗೆ ಅಗಲವಾಗಿದೆ, ನಡುವೆ ಗರಗಸ ಹಾಕಿದರೆ ಎರಡು ಹಲಗೆಯಾಗುತ್ತದೆ. ಮಾನಪ್ಪನಂಥವನಿಗೆ ಅದು ಹೊಳೆಯದೆ ಇರುವುದಿಲ್ಲ. ಅದಕ್ಕೇ ಅವನನ್ನು ಕೂರಿಸಿ, ಅವಳನ್ನು ನಿಲ್ಲಿಸಿ, ಬಳೆಯ ಕೈಯನ್ನು ಅವನ ಹೆಗಲ ಮೇಲೆ ಇಡಿಸಿದ್ದೇನೆ, ಫೋಟೋದವರು ನಿಲ್ಲಿಸುವ ಹಾಗೆ.

“ಬಳಿ ಹಸರು ಇಷ್ಟ ತಿಳೀ ಅಲ್ಲ. ಗಿಣಿ ಹಸರು ಬರಿ” ಎಂದು ತಂಗಿಯ ಹುಕುಂ. ಬಣ್ಣ ಮತ್ತೆ ಅರೆದೆ.

ಮಾರ್ಚ್ ೨೨

ಭಾಗಣ್ಣನ ಕಣ್ಣು ಬರೆದೆ. ದೇವರಿಗಾದರೆ ಕಣ್ಣನ್ನು ಕೊನೆಗೆ ಬರೆಯಬೇಕು. ಇವನಿಗೆ ಮೊದಲು ಬರೆದೆ, ಆಮೇಲೆ ಉಳಿದದ್ದು ತಾನಾಗಿ ಬಂತು. ಊಟಕ್ಕೆ ಕರೆದದ್ದು ಕೇಳಿಸಲಿಲ್ಲವಂತೆ. ಮನೆಯವಳು ಭೀಮವ್ವ ಇದ್ದಿದ್ದರೆ ತಾಟನ್ನು ತಂದು ನನ್ನ ಮತ್ತು ಹಲಗೆಯ ನಡುವೆ ಇಟ್ಟು, ಹುಬ್ಬು ಒಂದೇ ಒಂದು ಸಲ ಮೇಲೆತ್ತಿ ಹೋಗುತ್ತಿದ್ದಳು. ಬಲಗಡೆಯ ಹುಬ್ಬು.

ನಾಳೆ ರೇಣಮ್ಮನ ಕೈ ಮುಗಿಸಬೇಕು.

ಮಾರ್ಚ್ ೨೯, ಅಮಾವಾಸ್ಯೆ

ಬೆಳಿಗ್ಗೆಯೇ ಬಂಡಿ ಕಟ್ಟಿಕೊಂಡು ಮೂವರೂ ಬಂದರು. ಮುಖವನ್ನು ಒಯ್ದು ಸಂಜೆಗೆ ಎಡೆ ಹಿಡಿಯಬೇಕು, ಬಂಡಿಯಲ್ಲಿ ತೆಂಗಿನಕಾಯಿ, ಹೂವು ಎಲ್ಲ ಇದ್ದವು. ರೇಣಮ್ಮ ಅತ್ತೆಯ ಹಿಂದೆ ನಿಂತಳು. ಹಲಗೆಯ ಮೇಲಿನ ಬಟ್ಟೆ ಸರಿಸಿದೆ.

ಮೊದಲು ಬಾಯಿ ತೆರೆದವನು ಮಾನಪ್ಪ. “ಏನ್ರಿ ಇದು! ಜೀವಂತ ಇದ್ದಾಕಿನ್ನೂ ಬರದೀರಲ್ಲ! ಇದನ್ನ ಹ್ಯಾಂಗ ಕೂಡಸೋದು?”

“ಕೂಡಸಾಕ ಬರಂಗಿಲ್ಲ. ಗ್ವಾಡಿಗಿ ಹಾಕ್ರಿ” ಎಂದೆ.

“ಗರಗಸ ತರ್ರಿ. ನಡುವ ಕೊಯ್ಯೋನು.”

“ಕೊಯ್ರಿ. ಆಕಿ ಕೈನೂ ಹೋಗತದ, ಅವನ ಹೆಗಲೂ ಹೋಗತದ.”

ಮಲ್ಲಿಕಮ್ಮ ನಮ್ಮಿಬ್ಬರ ಮಾತು ಕೇಳುತ್ತಿರಲಿಲ್ಲ. ಹಲಗೆಯ ಹತ್ತಿರ, ಮೂಗು ತಾಗುವಷ್ಟು ಹತ್ತಿರ ಹೋಗಿದ್ದಳು. ಹುಬ್ಬಿನ ಗಾಯದ ಮೇಲೆ ಹೆಬ್ಬೆರಳಿಟ್ಟಳು. ಬಣ್ಣ ಪೂರ್ತಿ ಒಣಗಿರಲಿಲ್ಲ, ನಾನು ತಡೆಯಲಿಲ್ಲ.

“ಇಂವ. ಇಂವ ನನ್ನ ಮಗ” ಎಂದಳು. “ಬಂದ್ಯೇನಪಾ.”

ರೇಣಮ್ಮ ಅವಳ ಹಿಂದೆ ಕುಸಿದು ಕುಳಿತು, “ಅತ್ತಿ, ಮೊದಲ ನಾನ ಸುಳ್ಳ ಹೇಳಿದ್ದೆ. ನಿಮಗ ಮರತಿದ್ದಿಲ್ಲ. ನಾ ಮರಸಿದೆ” ಎಂದಳು. ಮುದುಕಿ ತಿರುಗಿದಳು. ಹೊಡೆಯುತ್ತಾಳೆ ಎಂದೇ ನಾನು ತಿಳಿದೆ, ಕೈ ಎತ್ತಿದ್ದೂ ನಿಜ. ಎತ್ತಿದ ಕೈಯಿಂದ ಸೊಸೆಯ ಮುಂಗೈ ಹಿಡಿದು, ಹಲಗೆಯ ಮೇಲಿನ ಕೈಯನ್ನೊಮ್ಮೆ ಈ ಕೈಯನ್ನೊಮ್ಮೆ ನೋಡಿದಳು. ಅವಳು ಅಳುತ್ತಿದ್ದಳು, ಹುಡುಗಿಯೂ ಅಳುತ್ತಿದ್ದಳು. ಮಾನಪ್ಪ ಎತ್ತು ನೋಡುವ ನೆವ ಮಾಡಿ ಹೊಸ್ತಿಲ ತನಕ ಹೋಗಿ ನಿಂತ.

“ಈ ಕಡೀಗಿ ಒಂದೀಟು ಜಾಗ ಉಳದದಲ್ರಿ” ಎಂದು ಮಲ್ಲಿಕಮ್ಮ ಭಾಗಣ್ಣನ ಇನ್ನೊಂದು ಮಗ್ಗುಲನ್ನು ತೋರಿಸಿದಳು. “ನನ್ನೂ ಬರೀರಿ.”

“ಇವತ್ತ ಅಮಾಸಿ ಅತ್ತಿಗಿ, ಸಂಜೀಗಿ ಎಡಿ ಹಿಡೀಬೇಕಲ್ಲ!” ಎಂದ ಮಾನಪ್ಪ ಅಲ್ಲಿಂದಲೇ.

“ಇರಲಿ” ಎಂದು ಚಾಪೆಯ ಮೇಲೆ ಕುಳಿತು, ಸೆರಗು ಹೊದ್ದು, ಬರಿಗೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. “ನನ್ನ ಕೈಗಿ ಬಳಿ ಬರೀಬ್ಯಾಡ್ರಿ. ನನ್ನ ಗಂಡನ ಹೆಣ ನಾ ಕಣ್ಣಾರೆ ನೋಡೀನಿ. ಆಕಿ ಏನ ನೋಡ್ಯಾಳ?”

ಮಾನಪ್ಪ ಹೊಸ್ತಿಲು ದಾಟಿ ಹೋದ. ಬಂಡಿಯ ನೊಗದಿಂದ ಎತ್ತುಗಳನ್ನು ಬಿಚ್ಚಿ ನೆರಳಿಗೆ ಕಟ್ಟಿದ.